ಹಗ್ಗದ ತುದಿಯಲ್ಲಿ ಯಾರಿದ್ದಾರೆ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ಚರ್ಚಿನ ಗಂಟೆಯ ಬಗ್ಗೆ ಆಗಾಗ ಜಗಳ ಏಳುತ್ತದೆ. ಜಗಳದ ನಡೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ನಗರದಿಂದ ಬಂದು ಚರ್ಚಿನ ಪಕ್ಕದಲ್ಲಿ ಮನೆ ಕೊಂಡವರು ಕೌನ್ಸಿಲಿಗೆ ದೂರು ಬರೆಯುತ್ತಾರೆ. ಊರಿನ ಹಳಬರು ಸಿಟ್ಟಾಗುತ್ತಾರೆ. ಪತ್ರಿಕೆಯವರು ಬರುತ್ತಾರೆ. ಒಬ್ಬರು ಗದ್ದಲ ಎಂದದ್ದನ್ನು ಇನ್ನೊಬ್ಬರು ಪರಂಪರೆ ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಎರಡೂ ಪಕ್ಷದವರು ವಾದಿಸುವುದು ಕಿವಿಗೆ ಬೀಳುವ ಸದ್ದಿನ ಬಗ್ಗೆ ಮಾತ್ರ. ಗೋಪುರದ ಒಳಗೆ ಆರೋ ಎಂಟೋ ಜನ ಹಗ್ಗ ಹಿಡಿದು ವೃತ್ತಾಕಾರವಾಗಿ ನಿಂತಿದ್ದಾರೆ, ಅವರು ಅಲ್ಲಿ ಏನೋ ಮಾಡುತ್ತಿದ್ದಾರೆ ಎಂಬುದು ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ. ಅವರು ಮಾಡುತ್ತಿರುವುದು ನಾಲ್ಕು ಶತಮಾನಗಳ ಒಂದು ವಿದ್ಯೆ. ಉಳಿಯಬೇಕಾದದ್ದು ಆ ವಿದ್ಯೆ. ದೂರುದಾರರಿಂದ ಅದಕ್ಕೆ ಆಗುವ ಹಾನಿಗಿಂತ ಹಗ್ಗ ಹಿಡಿಯಲು ಜನರಿಲ್ಲದೆ ಆಗುವ ಹಾನಿ ದೊಡ್ಡದು ಎಂಬುದು ನನ್ನ ವಾದ.

ನಮ್ಮ ಕರಾವಳಿಯ ಕಥೋಲಿಕ ಊರುಗಳಲ್ಲಿ ಬೆಳೆದವರಿಗೆ ಚರ್ಚಿನ ಗಂಟೆ ಹೊಸದೇನಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಪ್ರಾರ್ಥನೆಗೆ ಬಾರಿಸುವ ಗಂಟೆ, ಪೂಜೆಗೆ ಕರೆಯುವ ಗಂಟೆ, ಊರಿನಲ್ಲಿ ಯಾರೋ ತೀರಿಕೊಂಡರು ಎಂದು ತಿಳಿಸುವ ಗಂಟೆ: ಹೊಡೆತದ ಬಗೆ ಕೇಳಿಯೇ ಸಂಗತಿ ಏನೆಂದು ಗೊತ್ತಾಗುತ್ತದೆ. ಯುರೋಪಿನ ಬಹುಭಾಗದಲ್ಲೂ ಗಂಟೆಯ ಕೆಲಸ ಇದೇ, ಸುದ್ದಿ ಮುಟ್ಟಿಸುವುದು. ಇಂಗ್ಲೆಂಡಿನಲ್ಲಿ ಮಾತ್ರ 17ನೆಯ ಶತಮಾನದಲ್ಲಿ ಗಂಟೆ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಗಂಟೆಯನ್ನು ಒಂದು ಪೂರ್ಣ ಚಕ್ರಕ್ಕೆ ಬಿಗಿದು, ಚಕ್ರದ ಅಂಚಿಗೆ ಹಗ್ಗ ಸುತ್ತಿ, ಕೆಳಗಿನ ಕೋಣೆಗೆ ಇಳಿಬಿಡುತ್ತಾರೆ. ಬಾರಿಸುವ ಮೊದಲು ಗಂಟೆಯನ್ನು ತೂಗಿ ತೂಗಿ ಮೇಲೆತ್ತಿ ಬಾಯಿ ಆಕಾಶಕ್ಕೆ ಬರುವಂತೆ ನಿಲ್ಲಿಸುತ್ತಾರೆ. ಹಗ್ಗ ಎಳೆದರೆ ಗಂಟೆ ಒಂದು ಸುತ್ತು ಪೂರ್ತಿ ಉರುಳಿ ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ಆ ಸುತ್ತಿನಲ್ಲಿ ನಾಲಿಗೆ ಒಂದೇ ಸಲ ಬಡಿಯುತ್ತದೆ. ಮರಳಿ ಎಳೆದರೆ ಎದುರು ದಿಕ್ಕಿಗೆ ಇನ್ನೊಂದು ಸುತ್ತು, ಇನ್ನೊಂದು ಬಡಿತ.

ಹಳ್ಳಿಯ ಗೋಪುರದ ದೊಡ್ಡ ಗಂಟೆ ಅರ್ಧ ಟನ್ನೋ ಮುಕ್ಕಾಲು ಟನ್ನೋ ತೂಗುವುದು ಸಾಮಾನ್ಯ. ತಾಮ್ರ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಉಳಿದದ್ದು ತವರ. ಅಷ್ಟು ತೂಕದ ಲೋಹ ತಲೆಕೆಳಗಾಗಿ ನಿಂತಿರುವಾಗ ಅದನ್ನು ಕದಲಿಸಲು ತೋಳ್ಬಲ ಬೇಕಾಗುವುದಿಲ್ಲ. ಬೇಕಾದದ್ದು ಗಂಟೆ ಮೇಲೆ ಬಂದು ಹೊರಳುವ ಆ ಒಂದು ಕ್ಷಣವನ್ನು ಹಗ್ಗದ ಮೂಲಕ ಕೈಯಲ್ಲಿ ಗುರುತಿಸುವ ಸೂಕ್ಷ್ಮ. ಹದಿಮೂರರ ಹುಡುಗಿಯೂ ಎಂಬತ್ತರ ಮುದುಕರೂ ಒಂದೇ ಸಾಲಿನಲ್ಲಿ ನಿಲ್ಲಲು ಸಾಧ್ಯವಾಗುವುದು ಇದರಿಂದಲೇ.

ಈ ಯಂತ್ರಕ್ಕೆ ಒಂದು ಮಿತಿಯಿದೆ. ಇಡೀ ಕಲೆ ಹುಟ್ಟಿದ್ದು ಆ ಮಿತಿಯಿಂದ. ತಲೆಕೆಳಗಾಗಿ ನಿಂತ ಗಂಟೆಯನ್ನು ತುಸು ತಡೆದು ಹಿಡಿಯಬಹುದು, ತುಸು ಬೇಗ ಹೊರಳಿಸಬಹುದು, ಅದಕ್ಕಿಂತ ಹೆಚ್ಚೇನೂ ಆಗದು. ಬೇಕೆನಿಸಿದಾಗ ಒಂದೇ ಗಂಟೆಯನ್ನು ಎರಡು ಸಲ ಬಾರಿಸಲಾಗದು. ಆದ್ದರಿಂದ ಅದರಲ್ಲಿ ಹಾಡು ನುಡಿಸಲು ಬರುವುದಿಲ್ಲ. ಬರುವುದು ಒಂದೇ: ಎಲ್ಲ ಗಂಟೆಗಳೂ ಒಂದಾದ ಮೇಲೆ ಒಂದರಂತೆ ಬಾರಿಸಿ, ಮುಂದಿನ ಸುತ್ತಿಗೆ ಅಕ್ಕಪಕ್ಕದ ಗಂಟೆಗಳು ಸ್ಥಾನ ಅದಲುಬದಲು ಮಾಡಿಕೊಳ್ಳುವುದು. 123456 ಎಂದು ಬಾರಿಸಿದ್ದು ಮುಂದಿನ ಸಾಲಿನಲ್ಲಿ 214365 ಆಗುತ್ತದೆ, ಅದರ ಮುಂದೆ 241635. ಸಾಲಿನಿಂದ ಸಾಲಿಗೆ ಒಂದು ಗಂಟೆ ಒಂದು ಸ್ಥಾನ ಮಾತ್ರ ಸರಿಯಬಹುದು. ಒಮ್ಮೆ ಬಾರಿಸಿದ ಸಾಲನ್ನು ಮತ್ತೆ ಬಾರಿಸಬಾರದು. ಕೊನೆಗೆ ಮೊದಲಿನ ಸಾಲಿಗೇ ಬಂದು ಮುಟ್ಟಬೇಕು. ಇದನ್ನು ಚೇಂಜ್ ರಿಂಗಿಂಗ್ ಎನ್ನುತ್ತಾರೆ. ಆರು ಗಂಟೆಗಳಿಗೆ 720 ಸಾಲು, ಏಳಕ್ಕೆ 5,040, ಎಂಟಕ್ಕೆ 40,320.

5,040 ಎಂಬ ಸಂಖ್ಯೆ ನಮ್ಮ ಸಂಗೀತ ಶಾಸ್ತ್ರ ಓದಿದವರಿಗೆ ಹಳೆಯ ಪರಿಚಯ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ ಏಳು ಸ್ವರಗಳ ಪ್ರಸ್ತಾರವನ್ನು ಎಣಿಸಿ ತಲುಪಿದ್ದು ಇದೇ ಸಂಖ್ಯೆಯನ್ನು. ಅವನದು ಶಾಸ್ತ್ರಕಾರನ ಎಣಿಕೆ. ಆ ಎಲ್ಲ ಪ್ರಸ್ತಾರಗಳನ್ನೂ ಒಬ್ಬ ಗಾಯಕ ಕುಳಿತು ಹಾಡಿ ಮುಗಿಸಬೇಕೆಂದು ಯಾರೂ ಬಯಸಲಿಲ್ಲ. ಇಂಗ್ಲೆಂಡಿನವರು ಬಯಸಿದರು. 1715ರ ಮೇ 2ರಂದು ನಾರ್ವಿಚ್ ನಗರದ ಸೇಂಟ್ ಪೀಟರ್ ಮ್ಯಾಂಕ್ರಾಫ್ಟ್ ಚರ್ಚಿನಲ್ಲಿ 5,040 ಸಾಲುಗಳನ್ನು ಒಂದನ್ನೂ ಮರುಕಳಿಸದೆ 3 ಗಂಟೆ 18 ನಿಮಿಷಗಳಲ್ಲಿ ಬಾರಿಸಿ ಮುಗಿಸಿದರು. ಅಂಥದ್ದಕ್ಕೆ ಪೀಲ್ ಎಂದು ಹೆಸರು. ಇವತ್ತಿಗೂ ಪೀಲ್ ಎಂದರೆ ಸುಮಾರು ಮೂರು ತಾಸು, ಕನಿಷ್ಠ 5,000 ಸಾಲು. ಎದುರಿಗೆ ಕಾಗದ ಇಟ್ಟುಕೊಳ್ಳುವ ಹಾಗಿಲ್ಲ, ನಡುವೆ ಕೈ ಬದಲಾಯಿಸುವ ಹಾಗಿಲ್ಲ. ಎಂಟು ಗಂಟೆಗಳ 40,320 ಸಾಲುಗಳನ್ನೂ ಎಂಟೇ ಜನ ಒಂದೇ ಬೈಠಕ್ಕಿನಲ್ಲಿ ಬಾರಿಸಿದ್ದು ಒಂದೇ ಸಲ, 1963ರ ಜುಲೈನಲ್ಲಿ, ಲಫ್‌ಬರೋ ಊರಿನ ಗಂಟೆ ಎರಕದ ಕಾರ್ಖಾನೆಯ ಗೋಪುರದಲ್ಲಿ. ಹಿಡಿದ ಸಮಯ 17 ಗಂಟೆ 58 ನಿಮಿಷ. ಹುಚ್ಚು ಎನ್ನುವವರು ಎನ್ನಲಿ. ನನಗಂತೂ ಹಗ್ಗದ ಮೇಲೆ ಬಿಡಿಸಿದ ಗಣಿತ ಎನಿಸುತ್ತದೆ.

ಇಷ್ಟು ವಿವರ ಯಾಕೆಂದರೆ, ದೂರಿನ ಬೇರು ಇಲ್ಲೇ ಇದೆ. ಹೊಸದಾಗಿ ಊರಿಗೆ ಬಂದವನ ಕಿವಿ ಗಂಟೆಯಲ್ಲಿ ಒಂದು ರಾಗ ಹುಡುಕುತ್ತದೆ. ಸಿಗುವುದಿಲ್ಲ. ಸಿಗದಿದ್ದಾಗ ಅದು ಅವನಿಗೆ ಲೋಹದ ಬಡಿತ. ಒಳಗೆ ಒಂದು ಕ್ರಮ ಬಿಚ್ಚಿಕೊಳ್ಳುತ್ತಿದೆ, ಈಗಷ್ಟೇ ಮೂರನೆಯವರು ಐದನೆಯವರನ್ನು ದಾಟಿ ಮುಂದೆ ಹೋದರು ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತಾದ ಕೂಡಲೇ ಎಲ್ಲರಿಗೂ ಇಷ್ಟವಾಗಿಬಿಡುತ್ತದೆ ಎಂದು ನಾನು ಹೇಳಲಾರೆ. ಕರ್ನಾಟಕ ಸಂಗೀತದ ತನಿ ಆವರ್ತನದ ಹೊತ್ತಿಗೆ ಎದ್ದು ಕ್ಯಾಂಟೀನಿಗೆ ಹೋಗುವವರು ನಮ್ಮಲ್ಲೂ ಇದ್ದಾರಲ್ಲ. ಆದರೆ ಅರ್ಥವಿಲ್ಲದ್ದು ಎಂದುಕೊಂಡು ಸಹಿಸುವುದಕ್ಕೂ ಅರ್ಥ ಇದೆ, ನನಗೆ ಬೇಡ ಎನ್ನುವುದಕ್ಕೂ ವ್ಯತ್ಯಾಸವಿದೆ.

ಇನ್ನು ಕಾನೂನು. ದೂರುದಾರರ ಪರವಾಗಿ ಹೇಳಬೇಕಾದದ್ದು ಸಾಕಷ್ಟಿದೆ. 1851ರಲ್ಲಿ ಲಂಡನ್ನಿನ ಕ್ಲಾಪಮ್‌ನಲ್ಲಿ ಒಂದು ಮೊಕದ್ದಮೆ ನಡೆಯಿತು. ಸೊಲ್ಟಾವ್ ಎಂಬುವರ ಪಕ್ಕದ ಮನೆಯನ್ನು ಒಂದು ಕಥೋಲಿಕ ಧಾರ್ಮಿಕ ಸಂಘ ಕೊಂಡು, ಬೆಳಗಿನ ಜಾವ ಐದರಿಂದಲೇ ದಿನಕ್ಕೆ ಹಲವು ಸಲ ಗಂಟೆ ಬಾರಿಸತೊಡಗಿತು. ನ್ಯಾಯಾಲಯ ಗಂಟೆಗೆ ತಡೆಯಾಜ್ಞೆ ಕೊಟ್ಟಿತು. ಅಲ್ಲಿ ಹೊಸದಾಗಿ ಬಂದದ್ದು ಗಂಟೆ, ಮೊದಲಿನಿಂದ ಇದ್ದದ್ದು ಮನುಷ್ಯ. ಇಂದಿನ ಹಳ್ಳಿ ಜಗಳಗಳಲ್ಲಿ ಇದು ತಿರುಗುಮುರುಗು: ಗಂಟೆ ಐನೂರು ವರ್ಷದ್ದು, ಮನುಷ್ಯ ಕಳೆದ ವರ್ಷದವನು. ಹಾಗಾದರೆ ಗಂಟೆಯೇ ಗೆಲ್ಲಬೇಕಲ್ಲ? ಇಂಗ್ಲಿಷ್ ಕಾನೂನು ಹಾಗೆ ಹೇಳುವುದಿಲ್ಲ. 1879ರ ಸ್ಟರ್ಜಸ್ ಮೊಕದ್ದಮೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒರಳಿನಲ್ಲಿ ಕುಟ್ಟುತ್ತಿದ್ದ ಮಿಠಾಯಿ ತಯಾರಕನ ಗೋಡೆಗೆ ಒತ್ತಿ ಒಬ್ಬ ವೈದ್ಯ ತನ್ನ ತಪಾಸಣೆಯ ಕೋಣೆ ಕಟ್ಟಿ, ಆಮೇಲೆ ಸದ್ದಿನ ಬಗ್ಗೆ ದೂರಿದ. ವೈದ್ಯ ಗೆದ್ದ. ಉಪದ್ರವ ಇದ್ದ ಜಾಗಕ್ಕೆ ನೀನೇ ಬಂದೆಯಲ್ಲ ಎಂಬ ವಾದ ನಿಲ್ಲುವುದಿಲ್ಲ ಎಂಬ ತತ್ವ ಅಲ್ಲಿ ಗಟ್ಟಿಯಾಯಿತು. 1977ರಲ್ಲಿ ಡರಮ್ ಜಿಲ್ಲೆಯ ಲಿಂಟ್ಸ್ ಎಂಬ ಹಳ್ಳಿಯ ಕ್ರಿಕೆಟ್ ಮೈದಾನದ ಪ್ರಕರಣದಲ್ಲಿ, ಹೊಸ ಮನೆಗಳ ಹಿತ್ತಲಿಗೆ ಚೆಂಡು ಬೀಳುವುದು ಉಪದ್ರವವೇ ಎಂದು ಬಹುಮತದ ತೀರ್ಪು ಬಂತು. ಆದರೆ ಆಟ ನಿಲ್ಲಿಸುವ ಆಜ್ಞೆ ಮಾತ್ರ ಸಿಗಲಿಲ್ಲ. ಆ ಮೈದಾನದಲ್ಲಿ ಎಪ್ಪತ್ತು ವರ್ಷಗಳಿಂದ ಕ್ರಿಕೆಟ್ ನಡೆದಿತ್ತು.

ಈಗ ಹಳ್ಳಿಗಳಲ್ಲಿ ಹೆಚ್ಚು ಕೆಲಸ ಮಾಡುವುದು 1990ರ ಪರಿಸರ ಸಂರಕ್ಷಣಾ ಕಾಯಿದೆ. ಒಬ್ಬರೇ ದೂರು ಕೊಟ್ಟರೂ ಕೌನ್ಸಿಲಿನ ಅಧಿಕಾರಿ ಪರಿಶೀಲಿಸಲೇಬೇಕು. ಉಪದ್ರವ ಎಂದು ಖಚಿತವಾದರೆ ನೋಟಿಸು ಹೋಗುತ್ತದೆ, ಅದನ್ನು ಮೀರಿದರೆ ಅಪರಾಧ. ಇದರ ಎದುರಿಗೆ 2018ರಲ್ಲಿ ಯೋಜನಾ ನೀತಿಯಲ್ಲಿ ಒಂದು ಸಾಲು ಸೇರಿತು: ಹೊಸ ಕಟ್ಟಡ ಬಂದಿತೆಂದು ಮೊದಲಿನಿಂದ ಇದ್ದ ಆರಾಧನಾಲಯ, ಪಬ್, ಸಂಗೀತ ಸಭಾಂಗಣ, ಕ್ರೀಡಾ ಕ್ಲಬ್‌ಗಳ ಮೇಲೆ ಅತಿಯಾದ ನಿರ್ಬಂಧ ಹೇರಬಾರದು. ಅಗತ್ಯವಿದ್ದಲ್ಲಿ ಸದ್ದು ತಡೆಯುವ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವವರೇ ಮಾಡಿಕೊಳ್ಳಬೇಕು. ನ್ಯಾಯವಾದ ಮಾತು. ಆದರೆ ಅದು ಅನ್ವಯಿಸುವುದು ಹೊಸ ಕಟ್ಟಡಕ್ಕೆ ಅನುಮತಿ ಕೇಳುವಾಗ. ಹಳೆಯ ಮನೆಯನ್ನೇ ಕೊಂಡು ಬಂದವರ ದೂರಿಗೆ ಅದರಲ್ಲಿ ಉತ್ತರವಿಲ್ಲ.

ಫ್ರಾನ್ಸಿನವರು ಇನ್ನೂ ಮುಂದೆ ಹೋದರು. ಓಲೆರಾನ್ ದ್ವೀಪದ ಮೊರಿಸ್ ಎಂಬ ಹುಂಜದ ಕೂಗಿನ ಮೇಲೆ 2019ರಲ್ಲಿ ಮೊಕದ್ದಮೆ ನಡೆದು, ಹುಂಜವೇ ಗೆದ್ದು, 2021ರ ಜನವರಿಯಲ್ಲಿ ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳನ್ನು ಪರಂಪರೆ ಎಂದು ಗುರುತಿಸುವ ಕಾನೂನೇ ಬಂತು. ಇಂಗ್ಲೆಂಡಿನಲ್ಲೂ ಅಂಥದ್ದೇ ಒಂದು ಬರಲಿ ಎನ್ನುವವರಿದ್ದಾರೆ. ನನಗೆ ಆ ಉತ್ಸಾಹವಿಲ್ಲ. ಹುಂಜಕ್ಕೆ ಅಭ್ಯಾಸದ ರಾತ್ರಿ ಬೇಕಾಗಿಲ್ಲ, ಶಿಷ್ಯರೂ ಬೇಕಾಗಿಲ್ಲ. ಸದ್ದಿಗೆ ಕಾನೂನಿನ ಕಾವಲು ಕೊಟ್ಟರೆ ಸದ್ದು ಉಳಿಯಬಹುದು. ಆ ಸದ್ದನ್ನು ಧ್ವನಿವರ್ಧಕದಿಂದ ಬಿಟ್ಟರೂ ಕಾನೂನಿನ ಮಾತು ನಡೆದಂತೆಯೇ.

ಇದು ಬರೀ ಊಹೆ ಎನ್ನುವವರು ಬಿಟನ್ ಎಂಬ ಹಳ್ಳಿಯ ಕತೆ ಕೇಳಬೇಕು. 18ನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಗೋಪುರಗಳು ಪಾದ್ರಿಗಳ ಕೈತಪ್ಪಿದ್ದವು. ಬಾರಿಸುವವರು ಊರಿನ ದಾಂಡಿಗರು. ಅವರಿಗೆ ಪಂದ್ಯ, ಪಣ, ಬಿಯರು ಬೇಕು, ಪ್ರಾರ್ಥನೆ ಬೇಡ. ಸಫೋಕ್ ಸೀಮೆಯಲ್ಲಿ ಬಾರಿಸುವವರಿಗೆಂದೇ ಮಾಡಿಸಿದ ಬಿಯರಿನ ದೊಡ್ಡ ಮಣ್ಣಿನ ಹೂಜಿಗಳು ಇವತ್ತಿಗೂ ಉಳಿದಿವೆ. ಬೈದರೆ, ಟೋಪಿ ತೆಗೆಯದಿದ್ದರೆ, ಗಂಟೆಯನ್ನು ಉರುಳಿಸಿ ಕೆಡವಿದರೆ ಇಷ್ಟಿಷ್ಟು ದಂಡ ಎಂದು ಬರೆದ ಹಲಗೆಗಳು ಹಲವು ಗೋಪುರಗಳ ಗೋಡೆಯ ಮೇಲೆ ಈಗಲೂ ಇವೆ. ಇವರ ಕಾಟ ತಾಳಲಾರದೆ ಗ್ಲಾಸ್ಟರ್‌ಷೈರಿನ ಬಿಟನ್‌ನ ಪಾದ್ರಿ ಹೆನ್ರಿ ಥಾಮಸ್ ಎಲಕೂಂಬ್ 1821ರಲ್ಲಿ ಒಂದು ಉಪಕರಣ ಮಾಡಿಸಿದ. ಗಂಟೆಗಳು ಅಲುಗದೆ ನಿಂತಿರುತ್ತವೆ, ಒಂದೊಂದಕ್ಕೂ ಒಂದು ಸುತ್ತಿಗೆ, ಸುತ್ತಿಗೆಗಳ ಹಗ್ಗಗಳೆಲ್ಲ ಒಂದು ಚೌಕಟ್ಟಿಗೆ. ಒಬ್ಬನೇ ಮನುಷ್ಯ ನಿಂತು ಎಲ್ಲ ಗಂಟೆಗಳನ್ನೂ ಬಾರಿಸಬಹುದು. ದಾಂಡಿಗರ ಹಂಗು ತಪ್ಪಿತು. ನೂರಾರು ಚರ್ಚುಗಳು ಆ ಚೌಕಟ್ಟನ್ನು ಹಾಕಿಸಿಕೊಂಡವು.

ಎಲಕೂಂಬ್ ಕೆಟ್ಟವನಲ್ಲ. ಗಂಟೆಗಳ ಬಗ್ಗೆ ಅವನಷ್ಟು ಆಳವಾಗಿ ತಿಳಿದು ಬರೆದವರು ಅವನ ಕಾಲದಲ್ಲಿ ಕಡಿಮೆ. ಆದರೆ ಅವನ ಉಪಾಯ ಕೊಟ್ಟದ್ದು ಸದ್ದನ್ನು, ಕಳೆದದ್ದು ಜನರನ್ನು. ಪೂರ್ಣ ಸುತ್ತಿನಲ್ಲಿ ಉರುಳುವ ಗಂಟೆಯ ತುಂಬು ನಾದ ನಿಂತ ಗಂಟೆಗೆ ಸುತ್ತಿಗೆ ಬಡಿದರೆ ಬರುವುದಿಲ್ಲ. ಸಾಲು ಬದಲಾಯಿಸುವ ಆಟದ ಅಗತ್ಯವೂ ಉಳಿಯುವುದಿಲ್ಲ. ಈಗ ಅವನ ಚೌಕಟ್ಟಿನ ಜಾಗಕ್ಕೆ ವಿದ್ಯುತ್ ಸುತ್ತಿಗೆ ಬಂದಿದೆ, ರೆಕಾರ್ಡಿಂಗ್ ಬಂದಿದೆ. ಗುಂಡಿ ಒತ್ತಿದರೆ ಎಂಟು ಗಂಟೆ. ಜನ ಸಿಗುವುದಿಲ್ಲ, ಏನು ಮಾಡುವುದು ಎಂದು ಕೇಳುವ ಹಳ್ಳಿಯ ಪಾದ್ರಿಗೆ ಅದು ಸುಲಭದ ದಾರಿ. ಆ ದಾರಿ ಹಿಡಿದ ಮೇಲೆ ನೆರೆಯವರ ದೂರಿಗೆ ಎದುರು ಹೇಳಲು ಚರ್ಚಿಗೆ ಮುಖವಿರುವುದಿಲ್ಲ ಎಂದು ನನ್ನ ಎಣಿಕೆ. ಮನುಷ್ಯರು ಬೆವರು ಸುರಿಸಿ ಮಾಡುವ ಸದ್ದಿಗೆ ತುಸು ಸೈರಣೆ ಕೇಳಬಹುದು. ಸ್ವಿಚ್ಚಿನಿಂದ ಹೊರಡುವ ಸದ್ದಿಗೆ ಏನೆಂದು ಕೇಳುವುದು?

ಹಗ್ಗ ಬರಿದಾದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ಎರಡು ಸಲ ಕಂಡಿದೆ. 1940ರ ಜೂನ್‌ನಲ್ಲಿ ಗಂಟೆ ಬಾರಿಸುವುದನ್ನು ಸರ್ಕಾರ ನಿಷೇಧಿಸಿತು. ಜರ್ಮನ್ ಸೈನ್ಯ ನೆಲಕ್ಕಿಳಿದರೆ ಮಾತ್ರ ಎಚ್ಚರಿಕೆಗಾಗಿ ಬಾರಿಸಬೇಕು ಎಂಬ ಆಜ್ಞೆ. ಸೆಪ್ಟೆಂಬರ್ 7ರ ರಾತ್ರಿ ತಪ್ಪು ತಿಳಿವಳಿಕೆಯಿಂದ ಕೆಲವು ಊರುಗಳಲ್ಲಿ ಬಾರಿಸಿದ್ದೂ ಆಯಿತು. ಎಲ್ ಅಲಮೇನ್ ವಿಜಯಕ್ಕೆಂದು 1942ರ ನವೆಂಬರ್ 15ರಂದು ನಾಡಿನಾದ್ಯಂತ ಗಂಟೆ ಮೊಳಗಿದಾಗ ಎಷ್ಟೋ ಗೋಪುರಗಳಲ್ಲಿ ಬಾರಿಸುವವರನ್ನು ಹುಡುಕಿ ತರಬೇಕಾಯಿತು, ಏಕೆಂದರೆ ಗಂಡಸರು ಯುದ್ಧಕ್ಕೆ ಹೋಗಿದ್ದರು, ಹೊಸಬರಿಗೆ ಕಲಿಸಲು ಅವಕಾಶವೇ ಇರಲಿಲ್ಲ. ನಿಷೇಧ ಪೂರ್ತಿ ಕೊನೆಗೊಂಡದ್ದು 1943ರಲ್ಲಿ. ಎರಡನೆಯ ಸಲ 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂದಾಗ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಎಂಟು ಜನ ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲುವ ಕೆಲಸ ಅದು. ಆ ಮೌನದಿಂದ ಗಂಟೆಗಳಿಗೆ ಎರಡೂ ಸಲ ಏನೂ ಆಗಲಿಲ್ಲ. ಕಂಚು ಶತಮಾನಗಳ ಕಾಲ ಸುಮ್ಮನೆ ತೂಗಬಲ್ಲದು. ಇಪ್ಸ್‌ವಿಚ್‌ನ ಸೇಂಟ್ ಲಾರೆನ್ಸ್ ಚರ್ಚಿನ ಐದು ಗಂಟೆಗಳು 15ನೆಯ ಶತಮಾನದವು, ಬಹುಕಾಲ ಮೌನವಾಗಿದ್ದು 2009ರಲ್ಲಿ ಮತ್ತೆ ಬಾರಿಸತೊಡಗಿದವು. ಕಲಿಸಬಲ್ಲ ಕೈಗಳಿಗೆ ಅಷ್ಟು ಆಯುಷ್ಯವಿಲ್ಲ.

ಜನರನ್ನು ಹುಡುಕಿದರೆ ಸಿಗುತ್ತಾರೆ ಎಂಬುದಕ್ಕೂ ನಿದರ್ಶನವಿದೆ. ಮೊದಲ ಮಹಾಯುದ್ಧದಲ್ಲಿ ಸುಮಾರು 1,400 ಗಂಟೆ ಬಾರಿಸುವವರು ಸತ್ತರು. ಯುದ್ಧವಿರಾಮದ ನೂರನೆಯ ವರ್ಷವಾದ 2018ರ ನವೆಂಬರ್ 11ರ ಹೊತ್ತಿಗೆ ಅಷ್ಟೇ ಹೊಸಬರನ್ನು ಕಲೆಹಾಕಬೇಕು ಎಂದು ಒಂದು ಆಂದೋಲನ ನಡೆಯಿತು. ಗುರಿಗಿಂತ ಹೆಚ್ಚು ಜನ ಬಂದರು. ಬಂದವರೆಲ್ಲ ದೇವರನ್ನು ನಂಬುವವರೇನಲ್ಲ. ಭಾನುವಾರ ಬೆಳಿಗ್ಗೆ ಅರ್ಧ ತಾಸು ಬಾರಿಸಿ, ಆರಾಧನೆ ಶುರುವಾಗುತ್ತಿದ್ದಂತೆ ಹಿಂಬಾಗಿಲಿನಿಂದ ಮನೆಗೆ ಹೋಗುವವರು ಹಲವು ಗೋಪುರಗಳಲ್ಲಿ ಇದ್ದಾರೆ. ಕೆಲವು ಭಕ್ತರಿಗೆ ಇದು ಕಸಿವಿಸಿ. ಬೇರೆಯವರನ್ನು ಪ್ರಾರ್ಥನೆಗೆ ಕರೆದು ತಾನು ಜಾರಿಕೊಳ್ಳುವುದು ಯಾವ ನ್ಯಾಯ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೂ ಚರ್ಚಿಗೆ ಬರುವವರ ಸಂಖ್ಯೆ ಇಳಿಯುತ್ತಿರುವ ನಾಡಿನಲ್ಲಿ, ವಾರಕ್ಕೆರಡು ಸಲ ಚರ್ಚಿನ ಮೆಟ್ಟಿಲು ಹತ್ತುವ, ಹಗ್ಗ ಸವೆದರೆ ಕೈಯಿಂದ ಹಣ ಹಾಕುವ ನಾಸ್ತಿಕನನ್ನು ಹೊರಗಿಡುವುದು ಬುದ್ಧಿವಂತಿಕೆಯಲ್ಲ. ಗಂಟೆಯ ಮೇಲಿನ ಅಧಿಕಾರ ಹೇಗೂ ಪಾದ್ರಿಯದೇ. ಅವರ ಅಪ್ಪಣೆ ಮೀರಿ ಗಂಟೆ ಬಾರಿಸಬಾರದು ಎಂದು ಚರ್ಚ್ ಆಫ್ ಇಂಗ್ಲೆಂಡಿನ ನಿಯಮಾವಳಿಯೇ ಹೇಳುತ್ತದೆ.

ಹಾಗಾದರೆ ಪಕ್ಕದ ಮನೆಯವರ ನಿದ್ದೆ? ಇಲ್ಲಿ ಬಾರಿಸುವವರಿಗೂ ಒಂದು ಮಾತು ಹೇಳಬೇಕು. ಭಾನುವಾರದ ಅರ್ಧ ತಾಸು, ಮದುವೆ, ಸಾವು, ಹಬ್ಬ: ಇವುಗಳ ಬಗ್ಗೆ ತಕರಾರು ಕಡಿಮೆ. ಕಿರಿಕಿರಿ ಆಗುವುದು ವಾರದ ಅಭ್ಯಾಸದ ಸಂಜೆ. ಕಲಿಯುವವರು ತಪ್ಪುತ್ತಾರೆ, ಒಂದೂವರೆ ತಾಸು ಅದೇ ತಪ್ಪು ಊರಿಗೆಲ್ಲ ಕೇಳುತ್ತದೆ. ಬೇರೆ ಯಾವ ವಾದ್ಯ ಕಲಿಯುವವನೂ ತನ್ನ ಅಪಸ್ವರವನ್ನು ಎರಡು ಮೈಲಿಗೆ ಹಂಚುವುದಿಲ್ಲ. ಇದಕ್ಕೆ ಉಪಾಯಗಳಿವೆ. ಗಂಟೆಗಳ ಮೇಲ್ಭಾಗದಲ್ಲಿ ಮರದ ಅಟ್ಟ ಹಾಕಿ, ಕಿಂಡಿಗಳಿಗೆ ತೆರೆದು ಮುಚ್ಚುವ ಬಾಗಿಲು ಇಟ್ಟರೆ ಸದ್ದು ಬಹಳ ಇಳಿಯುತ್ತದೆ. ಭಾನುವಾರ ತೆರೆಯುವುದು, ಅಭ್ಯಾಸಕ್ಕೆ ಮುಚ್ಚುವುದು. ಇನ್ನೂ ಬೇಕೆಂದರೆ ನಾಲಿಗೆಯನ್ನು ಕಟ್ಟಿಹಾಕಿ, ಚಕ್ರದ ಬಳಿ ಒಂದು ಸೆನ್ಸರ್ ಇಟ್ಟು, ಕಂಪ್ಯೂಟರಿನಿಂದ ಒಳಗಿನವರಿಗೆ ಮಾತ್ರ ಗಂಟೆ ಕೇಳುವಂತೆ ಮಾಡಬಹುದು. ತಾಸುಗಟ್ಟಲೆ ಅಭ್ಯಾಸ ಮಾಡಿದರೂ ಹೊರಗೆ ಪಿಟ್ಟೆನ್ನುವುದಿಲ್ಲ. ಯಂತ್ರದ ಈ ಬಳಕೆ ನನಗೆ ಒಪ್ಪಿಗೆ, ಏಕೆಂದರೆ ಅದು ಮನುಷ್ಯನನ್ನು ಹಗ್ಗದಿಂದ ಬಿಡಿಸುವುದಿಲ್ಲ, ಹಗ್ಗಕ್ಕೆ ಪಳಗಿಸುತ್ತದೆ. ಇಷ್ಟನ್ನೂ ಮಾಡದೆ ‘ನಾವು ಐನೂರು ವರ್ಷದಿಂದ ಇದ್ದೇವೆ’ ಎಂದು ಎದೆಯುಬ್ಬಿಸುವ ಗೋಪುರದವರ ಪರವಾಗಿ ನಾನು ವಾದ ಮಾಡಲಾರೆ. ಮೂರು ತಾಸಿನ ಪೀಲ್ ಬಾರಿಸುವ ಮೊದಲು ಅಕ್ಕಪಕ್ಕದ ಮನೆಗಳಿಗೆ ಒಂದು ಚೀಟಿ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು?

ಪೂರ್ಣ ಸುತ್ತಿಗೆ ತೂಗುವ ಐದು ಅಥವಾ ಹೆಚ್ಚು ಗಂಟೆಗಳಿರುವ ಗೋಪುರಗಳು ಇಂಗ್ಲೆಂಡಿನಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ, ಬಹುಪಾಲು ಹಳ್ಳಿಗಳಲ್ಲಿ. ಸಫೋಕಿನ ಈಸ್ಟ್ ಬರ್ಗೋಲ್ಟ್‌ನಲ್ಲಿ ಗೋಪುರವೇ ಇಲ್ಲ. 1525ರಲ್ಲಿ ಕಟ್ಟಲು ತೊಡಗಿ, ರಾಜನ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿಯ ಪತನದ ಹೊತ್ತಿಗೆ ಕೆಲಸ ನಿಂತು, ತಾತ್ಕಾಲಿಕವೆಂದು 1531ರಲ್ಲಿ ನೆಲದ ಮೇಲೆಯೇ ಒಂದು ಮರದ ಕೊಟ್ಟಿಗೆ ಕಟ್ಟಿ ಗಂಟೆಗಳನ್ನು ಇಟ್ಟರು. ಐದು ಶತಮಾನವಾಗುತ್ತ ಬಂದರೂ ಅದೇ ಕೊಟ್ಟಿಗೆ, ಹಗ್ಗವೂ ಇಲ್ಲ, ಗಂಟೆಯ ಪಕ್ಕ ನಿಂತು ಕೈಯಿಂದಲೇ ತಳ್ಳಿ ಬಾರಿಸುತ್ತಾರೆ. ತಾತ್ಕಾಲಿಕ ಕಟ್ಟಡಗಳ ಆಯುಷ್ಯದಲ್ಲಿ ನಮ್ಮ ಲೋಕೋಪಯೋಗಿ ಇಲಾಖೆಯನ್ನೂ ಮೀರಿಸುವವರು ಇದ್ದಾರೆ. ನಮ್ಮ ಕಡೆ ಇಂಗ್ಲೆಂಡಿನ ಈ ಗಂಟೆ ಪದ್ಧತಿಯ ಗುರುತು ನೋಡಬೇಕೆಂದರೆ ಪುಣೆಗೆ ಹೋಗಬೇಕು. ಅಲ್ಲಿನ ಪಂಚಹೌದದ ಹೋಲಿ ನೇಮ್ ಚರ್ಚಿನಲ್ಲಿ ಇಂಗ್ಲೆಂಡಿನಿಂದ ತಂದ ಎಂಟು ಗಂಟೆಗಳಿವೆ.

ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಈಗ ಕನ್ನಡಿಗರ ಮನೆಗಳೂ ಇವೆ. ವೈದ್ಯರು, ಕಂಪ್ಯೂಟರ್ ಕೆಲಸದವರು, ಅವರ ತಂದೆತಾಯಿಗಳು. ಚರ್ಚಿನ ಪಕ್ಕ ಮನೆ ಸಿಕ್ಕು, ವಾರದ ಒಂದು ಸಂಜೆ ಗಂಟೆಯ ಸದ್ದಿಗೆ ತಲೆ ಚಿಟ್ಟು ಹಿಡಿದವರು ಅವರಲ್ಲೂ ಇರಬಹುದು. ಅಂಥವರಿಗೆ ನನ್ನ ಮಾತು ಇಷ್ಟೇ: ಕೌನ್ಸಿಲಿಗೆ ಬರೆಯುವ ಮೊದಲು ಒಂದು ಸಲ ಆ ಸಂಜೆ ಗೋಪುರದ ಮೆಟ್ಟಿಲು ಹತ್ತಿ, ಬಾರಿಸುವವರ ಮುಖ್ಯಸ್ಥರಾದ ಟವರ್ ಕ್ಯಾಪ್ಟನ್ ಯಾರು ಎಂದು ಕೇಳಿ. ಸದ್ದು ಜಾಸ್ತಿಯಾಗಿದೆ ಎಂದು ಅವರಿಗೇ ನೇರವಾಗಿ ಹೇಳಿ, ಕಿಂಡಿಗೆ ಬಾಗಿಲು ಹಾಕಿಸಿದ್ದೀರಾ ಎಂದು ವಿಚಾರಿಸಿ. ಅವರು ಬಹುಶಃ ಒಪ್ಪುತ್ತಾರೆ. ಅದಾದ ಮೇಲೆ ನಿಮ್ಮನ್ನೇ ಹಗ್ಗ ಹಿಡಿಯಲು ಕರೆಯುತ್ತಾರೆ. ಅವರಿಗೆ ಯಾವಾಗಲೂ ಒಬ್ಬರು ಕಡಿಮೆ. ಕಲಿಯಲು ಕ್ರೈಸ್ತರಾಗಿರಬೇಕಿಲ್ಲ, ಸಂಗೀತ ಬರಬೇಕಿಲ್ಲ, ಶುಲ್ಕವೂ ಇಲ್ಲ ಎನ್ನಬಹುದು. ಹಗ್ಗ ಹಿಡಿತಕ್ಕೆ ಬರಲು ಕೆಲವು ವಾರ ಹಿಡಿಯುತ್ತದೆ.